ನಮೀಬಿಯಾ ಕರಾವಳಿ, ಅಕ್ಟೋಬರ್ ಕೊನೆ: ಮಂಜು, ಉಬ್ಬರ, ಸೀಲ್, ರಸ್ತೆ. ಯೋಜನೆ ಸರಿ ಇದೆಯಾ?

ಬೈನಾಕ್ಯುಲರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ವಾರ ನಮೀಬಿಯಾ ಕರಾವಳಿಗೆ ಆರು ದಿನ. ಇಬ್ಬರು, ಒಂದು ಬಾಡಿಗೆ ಕಾರು. ವಾಲ್ವಿಸ್ ಬೇಯಲ್ಲಿ ಎರಡು ರಾತ್ರಿ, ಸ್ವಾಕೊಪ್ಮುಂಡ್‌ನಲ್ಲಿ ಎರಡು, ಆಮೇಲೆ ಕೇಪ್ ಕ್ರಾಸ್ ನೋಡಿಕೊಂಡು ಟೆರೇಸ್ ಬೇಯಲ್ಲಿ ಒಂದು ರಾತ್ರಿ. ಮರುದಿನ ಸ್ಕೆಲಿಟನ್ ಕೋಸ್ಟ್ ಉದ್ಯಾನದ ಸ್ಪ್ರಿಂಗ್‌ಬಾಕ್‌ವಾಸರ್ ಗೇಟಿನಿಂದ ಒಳನಾಡಿಗೆ.

ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ. ಬೆಳಗ್ಗೆ ಹತ್ತರವರೆಗೆ ಮಂಜಿನಲ್ಲಿ ಏನೂ ಕಾಣಲ್ಲ ಅಂತಾರೆ, ಹಾಗಾದರೆ ಹಕ್ಕಿ ನೋಡೋಕೆ ಯಾವ ಹೊತ್ತು? ಕೇಪ್ ಕ್ರಾಸ್‌ನಲ್ಲಿ ಆ ವಾರ ಸೀಲ್ ಮರಿಗಳು ಸಿಗುತ್ತವಾ? ಸ್ಯಾಂಡ್ವಿಚ್ ಹಾರ್ಬರ್‌ಗೆ ನಾವೇ ಓಡಿಸಿಕೊಂಡು ಹೋಗಬಹುದಾ, ಇಲ್ಲ ಅಂದರೆ ಸಣ್ಣ ಕಾರೇ ಸಾಕಾ? ಬೆನ್ನಿನ ಮೇಲಿನ ಉಬ್ಬುಗಳಲ್ಲಿ ಮಂಜಿನ ನೀರು ಹಿಡಿಯುವ ಜೀರುಂಡೆ ನೋಡಬೇಕು ಅಂತ ಆಸೆ, ಅದು ಎಲ್ಲಿ? ಕೊನೆಯದಾಗಿ, ಪೆಂಗ್ವಿನ್ ಈ ಭಾಗದಲ್ಲಿ ಇದೆಯೋ ಇಲ್ಲವೋ?

ಮಂಜುಬಯಲು

ಮಂಜಿನ ವಿಷಯ ನಾನು ಹೇಳ್ತೀನಿ, ಉಳಿದದ್ದು ಉಳಿದವರಿಗೆ.

ಮೊದಲು ಕಾರಣ ಗೊತ್ತಿದ್ದರೆ ದಿನದ ಲೆಕ್ಕ ಹಾಕೋದು ಸುಲಭ. ಆ ಕರಾವಳಿಯುದ್ದಕ್ಕೂ ಗಾಳಿ ತೆಂಕಣದಿಂದ ಬೀಸುತ್ತದೆ. ಭೂಮಿ ತಿರುಗುವುದರಿಂದ ಕಡಲಿನ ಮೇಲ್ನೀರು ಗಾಳಿಯ ಎಡಕ್ಕೆ, ಅಂದರೆ ಪಡುವಣಕ್ಕೆ, ದಡ ಬಿಟ್ಟು ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಏಳುತ್ತದೆ. ಬೆಂಗುವೆಲಾ ಎಂಬ ಅಲ್ಲಿನ ಕಡಲ ಪ್ರವಾಹ ತಣ್ಣಗಿರುವುದಕ್ಕೂ, ಅಲ್ಲಿ ಮೀನು, ಸೀಲ್, ಹಕ್ಕಿ ಇಷ್ಟೊಂದು ಇರುವುದಕ್ಕೂ ಇದೇ ಕಾರಣ: ಆಳದ ನೀರಿನ ಜೊತೆ ಪೋಷಕಾಂಶ ಮೇಲೆ ಬರುತ್ತದೆ. ಅದೇ ತಣ್ಣೀರಿನ ಮೇಲೆ ಬರುವ ತೇವದ ಗಾಳಿ ತಂಪಾಗಿ ಮೋಡ ಕಟ್ಟುತ್ತದೆ. ಅದರ ಮೇಲೆ ಬೆಚ್ಚನೆಯ ಒಣಗಾಳಿ ಮುಚ್ಚಳ ಹಾಕಿದ ಹಾಗೆ ಕೂತಿರುವುದರಿಂದ ಮೋಡ ಏರಲಾರದು, ಮಳೆಯೂ ಆಗದು. ಸ್ವಾಕೊಪ್ಮುಂಡ್‌ನಲ್ಲಿ ವರ್ಷಕ್ಕೆ 20 ಮಿ.ಮೀ. ಮಳೆಯೂ ಇಲ್ಲ.

ಈ ಮೋಡದ ಪದರ ತೆಳ್ಳಗೆ, ತಗ್ಗಿನಲ್ಲಿ ಇರುತ್ತದೆ. ನೆಲ ಕಡಲಿನಿಂದ ಪೂರ್ವಕ್ಕೆ ನಿಧಾನವಾಗಿ ಏರುತ್ತಾ ಹೋಗಿ ಎಲ್ಲಿ ಮೋಡಕ್ಕೆ ತಾಗುತ್ತದೋ ಅಲ್ಲಿ ದಟ್ಟ ಮಂಜು. ಹಾಗಾಗಿ ದಡದಲ್ಲಿ ಬರೀ ಮೋಡ ಕವಿದ ಆಕಾಶ, ಒಳಗೆ 30–40 ಕಿ.ಮೀ.ನಲ್ಲಿ ಬೆಳಗಿನ ಜಾವ ಎದುರಿನ ಗಾಡಿ ಕಾಣದಷ್ಟು ಮಂಜು, ಇನ್ನೂ ಒಳಗೆ ಹೋದರೆ ಚುರುಕು ಬಿಸಿಲು, ಹೀಗೆ ಮೂರೂ ಒಂದೇ ಬೆಳಗ್ಗೆ ಸಿಗಬಹುದು. ನೆಲ ಕಾದಂತೆ ಮೋಡ ಕಡಲ ಕಡೆಗೆ ಹಿಂದೆ ಸರಿಯುತ್ತದೆ, ಸಾಮಾನ್ಯವಾಗಿ ಹತ್ತು-ಹನ್ನೊಂದರ ಹೊತ್ತಿಗೆ. ಕೆಲವು ದಿನ ಸರಿಯುವುದೇ ಇಲ್ಲ.

ಅದಕ್ಕೆ ಸ್ವಾಕೊಪ್ಮುಂಡ್‌ನಲ್ಲಿ ಹತ್ತು ಗಂಟೆಗೂ ಬೂದು ಬಣ್ಣ ಇದ್ದರೆ ಹೋಟೆಲಿನಲ್ಲಿ ಕಾಯುತ್ತಾ ಕೂರಬೇಡಿ. ವೆಲ್ವಿಚಿಯಾ ಬಯಲಿನ ಕಡೆಗೆ ಪೂರ್ವಕ್ಕೆ ಹೊರಡಿ, ಅರ್ಧ-ಮುಕ್ಕಾಲು ಗಂಟೆಯಲ್ಲಿ ಬಿಸಿಲು ಸಿಗುತ್ತದೆ. ಅದು ನಮೀಬ್-ನೌಕ್ಲುಫ್ಟ್ ಉದ್ಯಾನದೊಳಗೆ, ಪರವಾನಗಿ ಊರಿನಲ್ಲೇ ಮಾಡಿಸಿಕೊಂಡು ಹೊರಡಬೇಕು. ವೆಲ್ವಿಚಿಯಾ ಗಿಡದಲ್ಲಿ ಇರುವುದು ಎರಡೇ ಎಲೆ, ಜೀವಮಾನವಿಡೀ ಬುಡದಿಂದ ಬೆಳೆಯುತ್ತಾ ತುದಿಯಲ್ಲಿ ಸೀಳುತ್ತಾ ಹೋಗುತ್ತವೆ. ನೋಡಿದರೆ ಎಲೆಗಳ ರಾಶಿ ಅನ್ನಿಸುತ್ತದೆ. ಗಂಡು, ಹೆಣ್ಣು ಗಿಡ ಬೇರೆ ಬೇರೆ: ಹೆಣ್ಣಿನ ಶಂಕುಗಳು ದಪ್ಪ, ಗಂಡಿನವು ಸಣ್ಣ, ಗೊಂಚಲಾಗಿ. ಸಾವಿರ ವರ್ಷ ದಾಟಿದ ಗಿಡಗಳಿವೆ. ಬೇರಿನ ಬಹುಭಾಗ ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಸುತ್ತ ಇಟ್ಟ ಕಲ್ಲಿನ ಗೆರೆಯ ಆಚೆಯೇ ನಿಲ್ಲಿ.

ಜೀರುಂಡೆ ವಿಷಯ. ಬೆನ್ನಿನ ಉಬ್ಬಿನ ಕಥೆ ತುಂಬಾ ಓಡಾಡಿದೆ, ಆದರೆ ಬಯಲಿನಲ್ಲಿ ಮಂಜು ಕುಡಿಯುವುದನ್ನು ಚೆನ್ನಾಗಿ ದಾಖಲಿಸಿರುವುದು ಓನಿಮಾಕ್ರಿಸ್ ಉಂಗ್ವಿಕ್ಯುಲಾರಿಸ್ ಎಂಬ ನುಣುಪು ಬೆನ್ನಿನ ಕಪ್ಪು ಜೀರುಂಡೆಯಲ್ಲಿ. ಮಂಜು ಬಂದ ಬೆಳಗಿನ ಜಾವ ಮರಳಿನಿಂದ ಎದ್ದು ದಿಬ್ಬದ ನೆತ್ತಿಗೆ ಹತ್ತಿ, ಗಾಳಿಗೆ ಮುಖ ಮಾಡಿ, ಹಿಂಗಾಲು ನೀಟಿ ತಲೆ ತಗ್ಗಿಸಿ ನಿಲ್ಲುತ್ತದೆ. ಬೆನ್ನಿನ ಮೇಲೆ ಕೂಡಿದ ಹನಿ ಇಳಿದು ಬಾಯಿಗೆ ಬರುತ್ತದೆ. ಒಂದೇ ಬೆಳಗ್ಗೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ನೀರು ಕುಡಿದದ್ದೂ ಅಳತೆಯಾಗಿದೆ. ಇನ್ನೊಂದು ಗುಂಪು, ಲೆಪಿಡೊಕೋರಾ, ಗಾಳಿಗೆ ಅಡ್ಡವಾಗಿ ಮರಳಿನಲ್ಲಿ ಸಣ್ಣ ಸಾಲು ತೋಡುತ್ತದೆ. ಸಾಲಿನ ಅಂಚಿಗೆ ಹಿಡಿದ ತೇವವನ್ನು ಹೀರಿಕೊಂಡು ಬರುತ್ತದೆ. ದಡದಲ್ಲಿ ಮೋಡ ಇದ್ದರೆ ಸಾಲದು, ದಿಬ್ಬದ ನೆತ್ತಿಗೇ ಮಂಜು ತಾಗಬೇಕು. ಆದ್ದರಿಂದ ಇದನ್ನು ಯಾರೂ ಖಾತ್ರಿ ಕೊಡಲಾರರು.

ಖಾತ್ರಿ ಹತ್ತಿರ ಬರುವುದು ಸ್ವಾಕೊಪ್ಮುಂಡ್ ಪಕ್ಕದ ದಿಬ್ಬಗಳಿಗೆ ಬೆಳಗ್ಗೆ ಕರೆದೊಯ್ಯುವ ಮರಳುಗಾಡು ನಡಿಗೆ. ಜಾಡು ಓದಬಲ್ಲ ಮಾರ್ಗದರ್ಶಿ ಇದ್ದರೆ ಪೆರಿಂಗೆ ಮಂಡಲದ ಹಾವು, ಜಾಲಪಾದದ ಹಲ್ಲಿ, ನಮಾಕ್ವಾ ಗೋಸುಂಬೆ ಸಿಗುವ ಸಾಧ್ಯತೆ ಜಾಸ್ತಿ. ಹಾವಿನ ಕಣ್ಣು ತಲೆಯ ನೆತ್ತಿಯ ಮೇಲಿದೆ, ಮೈ ಪೂರ್ತಿ ಮರಳೊಳಗೆ ಹೂತು ಕಣ್ಣಷ್ಟೇ ಹೊರಗಿಟ್ಟು ಕೂರುತ್ತದೆ. ಮಾರ್ಗದರ್ಶಿ ಇಟ್ಟ ಹೆಜ್ಜೆಯ ಮೇಲೇ ಹೆಜ್ಜೆ ಇಡಿ ಅನ್ನುವುದು ಇದಕ್ಕೇ. ಗೋಸುಂಬೆ ಬೆಳಗಿನ ಚಳಿಯಲ್ಲಿ ಬಿಸಿಲಿನ ಕಡೆಯ ಪಕ್ಕೆಯನ್ನು ಮಾತ್ರ ಕಪ್ಪು ಮಾಡಿಕೊಂಡು ಇನ್ನೊಂದು ಪಕ್ಕೆಯನ್ನು ತಿಳಿಯಾಗಿಯೇ ಇಟ್ಟುಕೊಳ್ಳಬಲ್ಲದು. ಹತ್ತು ನಿಮಿಷ ಸುಮ್ಮನೆ ಕೂತು ನೋಡಿ, ಬಣ್ಣ ಸರಿಯುವುದು ಕಣ್ಣಿಗೇ ಕಾಣುತ್ತದೆ.

ರೀವಹಕ್ಕಿ

ವಾಲ್ವಿಸ್ ಬೇ ಲಗೂನಿಗೆ (ಕಡಲಿಗೆ ಸೇರಿದ ಆಳವಿಲ್ಲದ ಹಿನ್ನೀರು) ಗಡಿಯಾರಕ್ಕಿಂತ ಉಬ್ಬರದ ಪಟ್ಟಿ ಮುಖ್ಯ. ಇಳಿತದಲ್ಲಿ ಕೆಸರುಬಯಲು ದೂರದವರೆಗೆ ತೆರೆದುಕೊಳ್ಳುತ್ತದೆ, ಹಕ್ಕಿಗಳೆಲ್ಲ ಅದರ ಆಚೆಯ ಅಂಚಿಗೆ ಹೋಗುತ್ತವೆ. ಟೆಲಿಸ್ಕೋಪ್ ಇದ್ದರೂ ಬಿಸಿಲಿನ ನಡುಕದಲ್ಲಿ ಚುಕ್ಕಿಗಳು. ಪೂರ್ಣ ಉಬ್ಬರದಲ್ಲಿ ಸಣ್ಣ ಕಾಲಿನ ಹಕ್ಕಿಗಳಿಗೆ ಜಾಗವೇ ಇಲ್ಲದೆ ಉಪ್ಪಿನ ಕೊಳಗಳ ಕಡೆಗೆ ಎದ್ದು ಹೋಗುತ್ತವೆ. ಬೇಕಾದ್ದು ಉಬ್ಬರಕ್ಕೆ ಮೊದಲಿನ ಎರಡು-ಮೂರು ಗಂಟೆ: ನೀರು ನಿಧಾನವಾಗಿ ಏರುತ್ತಾ ಅವುಗಳನ್ನು ದಡದ ಕಡೆಗೆ ತಳ್ಳಿಕೊಂಡು ಬರುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಆದ್ದರಿಂದ ಎರಡೂ ದಿನಕ್ಕೆ ಬೇರೆ ಬೇರೆ ಸಮಯ ಬರೆದುಕೊಳ್ಳಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲೂ ಏರಿಳಿತ ಒಂದೂವರೆ ಮೀಟರ್ ಹತ್ತಿರ ಅಷ್ಟೇ, ಆದರೆ ಬಯಲು ಚಪ್ಪಟೆ ಇರುವುದರಿಂದ ನೀರು ತುಂಬಾ ದೂರ ಸರಿಯುತ್ತದೆ.

ನಡೆಯುವ ದಾರಿ ಲಗೂನಿನ ಪೂರ್ವ ದಡದಲ್ಲಿದೆ, ಅಂದರೆ ಬೆಳಗ್ಗೆ ಸೂರ್ಯ ನಿಮ್ಮ ಬೆನ್ನಿಗೆ. ಮಧ್ಯಾಹ್ನದ ಮೇಲೆ ಸೂರ್ಯ ಎದುರಿಗೆ ಬರುತ್ತದೆ, ಜೊತೆಗೆ ನೈಋತ್ಯದ ಗಾಳಿ ಮುಖಕ್ಕೆ. ಬೆಳಗಿನ ಹೊತ್ತು ಏರುವ ಉಬ್ಬರ ಸಿಕ್ಕಿದ ದಿನವನ್ನು ಲಗೂನಿಗೆ ಮೀಸಲಿಡಿ, ಇನ್ನೊಂದು ಬೆಳಗ್ಗೆ ದೋಣಿಗೆ. ಮೋಡ ಇದ್ದರೆ ಬೇಸರ ಬೇಡ. ಬಿಳಿ ಹಕ್ಕಿಗಳ ಚಿತ್ರಕ್ಕೆ ಆ ಬೆಳಕೇ ಒಳ್ಳೆಯದು, ಬಿಸಿಲಿನಲ್ಲಿ ಹೆಜ್ಜಾರ್ಲೆಯ ರೆಕ್ಕೆ ಸುಟ್ಟುಹೋದ ಹಾಗೆ ಬರುತ್ತದೆ.

ಫ್ಲೆಮಿಂಗೊ ಎರಡು ಬಗೆ. ದೊಡ್ಡದರ ಕೊಕ್ಕು ತಿಳಿ ಗುಲಾಬಿ, ತುದಿ ಮಾತ್ರ ಕಪ್ಪು. ಸಣ್ಣದರ ಕೊಕ್ಕು ಪೂರ್ತಿ ಗಾಢ ಕೆಂಪು, ದೂರಕ್ಕೆ ಕಪ್ಪೇ ಅನ್ನಿಸುತ್ತದೆ. ತಿನ್ನುವ ರೀತಿ ನೋಡಿದರೆ ಕೊಕ್ಕು ಕಾಣದಿದ್ದರೂ ಗೊತ್ತಾಗುತ್ತದೆ. ಸಣ್ಣದು ನೀರಿನ ಮೇಲ್ಪದರದಲ್ಲಿ ಕೊಕ್ಕು ಆಡಿಸಿ ಪಾಚಿ ಸೋಸುತ್ತದೆ. ದೊಡ್ಡದು ಕೊಕ್ಕನ್ನು ಕೆಸರಿಗೆ ಊರಿ, ಅದನ್ನೇ ಗೂಟ ಮಾಡಿಕೊಂಡು ಕಾಲಿನಲ್ಲಿ ಕೆಸರು ತುಳಿಯುತ್ತಾ ಸುತ್ತು ತಿರುಗಿ, ಕದಡಿ ಎದ್ದ ಹುಳುಗಳನ್ನು ಸೋಸಿಕೊಳ್ಳುತ್ತದೆ. ಇಳಿತದಲ್ಲಿ ಹೋದರೆ ಹಕ್ಕಿ ದೂರ ಇದ್ದರೂ ಈ ಗುರುತು ಕಾಲ ಬುಡದಲ್ಲೇ ಇರುತ್ತದೆ: ನಡುವೆ ಗುಡ್ಡೆ ಉಳಿದ ಉಂಗುರದಂಥ ಗುಂಡಿಗಳು, ಬಯಲು ತುಂಬಾ.

ಅಕ್ಟೋಬರ್ ಕೊನೆಗೆ ಉತ್ತರದ ವಲಸಿಗರು ಬಂದು ಸೇರಿರುತ್ತಾರೆ: ಕರ್ಲ್ಯೂ ಸ್ಯಾಂಡ್‌ಪೈಪರ್, ಲಿಟಲ್ ಸ್ಟಿಂಟ್, ಸ್ಯಾಂಡರ್ಲಿಂಗ್, ಬಾರ್-ಟೇಲ್ಡ್ ಗಾಡ್ವಿಟ್. ಈ ಜೌಗು 1995ರಿಂದ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು) ಆಗಿರುವುದಕ್ಕೆ ಇವುಗಳ ಸಂಖ್ಯೆಯೇ ಒಂದು ದೊಡ್ಡ ಕಾರಣ. ಫ್ಲೆಮಿಂಗೊ ಮಾತ್ರ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಒಳನಾಡಿನ ಎಟೋಶಾ, ಬೋಟ್ಸ್ವಾನಾದ ಮಕ್ಗಾಡಿಕ್ಗಾಡಿ ಬಯಲುಗಳಿಗೆ ಒಳ್ಳೆ ಮಳೆ ಬಿದ್ದರೆ ಮೊಟ್ಟೆ ಇಡಲು ಹೊರಟುಹೋಗುತ್ತವೆ. ನಿಮ್ಮ ವಾರಕ್ಕೆ ಇನ್ನೂ ಮಳೆ ಹಿಡಿದಿರುವುದಿಲ್ಲ, ಹಾಗಾಗಿ ಚಿಂತೆಯಿಲ್ಲ. ಉಪ್ಪಿನ ಕೊಳಗಳ ನಡುವಿನ ದಾರಿಯಲ್ಲಿ ನಿಧಾನವಾಗಿ ಹೋದರೆ ಎದೆಯ ಮೇಲೆ ಕಂದುಗೆಂಪು ಪಟ್ಟಿಯ ಚೆಸ್ಟ್‌ನಟ್-ಬ್ಯಾಂಡೆಡ್ ಪ್ಲವರ್ ಸಿಗುತ್ತದೆ. ಕಾರಿನಿಂದ ಇಳಿಯಬೇಡಿ, ಕಾರೇ ಒಳ್ಳೆ ಮರೆ.

ಒಂದು ಕಳಕಳಿಯ ಮಾತು. ಡಮಾರಾ ರೀವ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಹಕ್ಕಿ, ನೆತ್ತಿ ಪೂರ್ತಿ ಕಪ್ಪು, ಕೊಕ್ಕೂ ಕಪ್ಪು. ಅದರ ಬಹುಪಾಲು ಸಂತಾನ ಆಗುವುದು ಈ ಕರಾವಳಿಯಲ್ಲೇ, ಕಡಲಿನಿಂದ ಸ್ವಲ್ಪ ಒಳಗಿನ ಜಲ್ಲಿ ಬಯಲಿನಲ್ಲಿ. ಗೂಡು ಇಲ್ಲ, ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಜಲ್ಲಿಯ ಬಣ್ಣದ್ದೇ. ಗಾಡಿ ದಾರಿ ಬಿಟ್ಟು ಇಳಿದರೆ ಚಕ್ರದಡಿ ಸಿಕ್ಕಿದ್ದು ಓಡಿಸುವವನಿಗೆ ತಿಳಿಯುವುದೂ ಇಲ್ಲ. ಸ್ವಾಕೊಪ್ಮುಂಡ್‌ನಿಂದ ಉತ್ತರಕ್ಕೆ ಕಿತ್ತಳೆ, ಬೂದು ಬಣ್ಣದ ಕಲ್ಲುಹೂವಿನ ಬಯಲುಗಳಿಗೂ ಇದೇ ಪಾಡು: ಒಣಗಿ ಸತ್ತ ಹಾಗೆ ಕಾಣುತ್ತವೆ, ಮಂಜು ಬಿದ್ದೊಡನೆ ಹಿಗ್ಗಿ ಬಣ್ಣ ಬರುತ್ತದೆ. ಅದರ ಮೇಲೆ ಮೂಡಿದ ಒಂದು ಚಕ್ರದ ಗುರುತು ದಶಕಗಳ ಕಾಲ ಉಳಿಯುತ್ತದೆ. ಡೊರೋಬ್ ರಾಷ್ಟ್ರೀಯ ಉದ್ಯಾನ 2010ರಲ್ಲಿ ಘೋಷಣೆ ಆದಮೇಲೆ ಗುರುತಿಸಿದ ದಾರಿ, ವಲಯ ಬಿಟ್ಟು ಓಡಿಸುವುದು ಕಾನೂನಿಗೂ ವಿರುದ್ಧ.

ದೋಣಿ ಯಾವಾಗಲೂ ಬೆಳಗ್ಗೆಯೇ, ಗಾಳಿ ಏಳುವ ಮುಂಚೆ. ಪೆಲಿಕನ್ ಪಾಯಿಂಟ್ ಕಡೆ ಹೆವಿಸೈಡ್ ಡಾಲ್ಫಿನ್ ನೋಡಿ, ಬೆನ್ನಿನ ರೆಕ್ಕೆ ಅಚ್ಚುಕಟ್ಟಾದ ತ್ರಿಕೋನ. ಬೆಂಗುವೆಲಾ ನೀರು ಬಿಟ್ಟರೆ ಬೇರೆಲ್ಲೂ ಇಲ್ಲ.

ಜಲ್ಲಿದಾರಿ

ಸ್ಯಾಂಡ್ವಿಚ್ ಹಾರ್ಬರ್‌ಗೆ ನೀವೇ ಓಡಿಸಬೇಡಿ. ಇದರಲ್ಲಿ ಎರಡು ಮಾತಿಲ್ಲ. ವಾಲ್ವಿಸ್ ಬೇಯಿಂದ ಸುಮಾರು 50 ಕಿ.ಮೀ. ದಕ್ಷಿಣ, ಕೊನೆಯ ಭಾಗದಲ್ಲಿ ಒಂದು ಕಡೆ ನೂರಾರು ಅಡಿಯ ಮರಳುಗೋಡೆ, ಇನ್ನೊಂದು ಕಡೆ ಅಲೆ, ನಡುವೆ ಒಂದು ಗಾಡಿಯಗಲದ ಒದ್ದೆ ಮರಳು. ಉಬ್ಬರ ಬಂದರೆ ಆ ಪಟ್ಟಿಯೇ ಇರುವುದಿಲ್ಲ. ಹಾದಿ ತಪ್ಪಿದರೆ ಮೇಲಕ್ಕೆ ದಿಬ್ಬ ಹತ್ತಿಸಬೇಕು, ಗೊತ್ತಿಲ್ಲದವರಿಗೆ ಅದೂ ಆಗದು. ಬಾಡಿಗೆ ಒಪ್ಪಂದಗಳಲ್ಲಿ ಮರಳು, ಉಪ್ಪುನೀರಿನ ಹಾನಿಗೆ ವಿಮೆ ಸಾಮಾನ್ಯವಾಗಿ ಇರುವುದಿಲ್ಲ. ಪರವಾನಗಿ ಇರುವ ಮಾರ್ಗದರ್ಶಿಯ ಗಾಡಿಯಲ್ಲಿ ಹೋಗಿ. ಹೊರಡುವ ಸಮಯ ಅವರು ಇಳಿತ ನೋಡಿ ಹೇಳುತ್ತಾರೆ, ನಿಮ್ಮ ಅನುಕೂಲ ನೋಡಿ ಅಲ್ಲ. ರೀವಹಕ್ಕಿ ಅವರು ಹೇಳಿದ ಲಗೂನಿನ ಹೊತ್ತು ಉಬ್ಬರಕ್ಕೆ ಮುಂಚೆ, ಇದು ಇಳಿತಕ್ಕೆ. ಅದೇ ಪಟ್ಟಿಯಿಂದ ಎರಡನ್ನೂ ಒಂದೇ ದಿನಕ್ಕೆ ಹೊಂದಿಸಬಹುದು.

ಆ ಪ್ರವಾಸ ಮಾರ್ಗದರ್ಶಿಗೆ ಬಿಟ್ಟರೆ ನಿಮಗೆ ಫೋರ್ ವೀಲ್ ಡ್ರೈವ್ ಕಡ್ಡಾಯ ಅಲ್ಲ. ಆದರೆ ನೆಲದಿಂದ ಎತ್ತರ ಇರುವ ಗಾಡಿ, ಎರಡು ಸ್ಟೆಪ್ನಿ, ಗಾಳಿ ಒತ್ತಡ ನೋಡುವ ಗೇಜ್, ಹನ್ನೆರಡು ವೋಲ್ಟ್ ಪಂಪ್ ಇರಲಿ. ಸ್ಟೆಪ್ನಿ ತೆಗೆಯುವ ಜ್ಯಾಕ್, ಸ್ಪ್ಯಾನರ್ ನಿಜಕ್ಕೂ ಇವೆಯಾ ಅಂತ ಗಾಡಿ ತೆಗೆದುಕೊಳ್ಳುವ ಜಾಗದಲ್ಲೇ ಒಂದು ನಟ್ಟು ಬಿಚ್ಚಿ ನೋಡಿ. ಅದು ಜಂಬ ಅನ್ನಿಸಿದರೂ ಪರವಾಗಿಲ್ಲ.

ಕರಾವಳಿಯ ಉಪ್ಪಿನ ರಸ್ತೆ ನೋಡಲು ಡಾಂಬರಿನ ಹಾಗೇ ಇರುತ್ತದೆ: ಜಿಪ್ಸಂ ಮಣ್ಣಿಗೆ ಉಪ್ಪುನೀರು ಹಾಕಿ ಒತ್ತಿದ್ದು. ಒಣಗಿದ್ದಾಗ ಹಿಡಿತ ಚೆನ್ನಾಗಿದೆ. ಮಂಜು ಬಿದ್ದ ಬೆಳಗ್ಗೆ ಮೇಲ್ಪದರ ಜಿಡ್ಡಾಗಿ ಸಾಬೂನಿನಂತೆ ಜಾರುತ್ತದೆ, ಬ್ರೇಕ್ ಒತ್ತಿದರೆ ಗಾಡಿ ಅಡ್ಡ ತಿರುಗುತ್ತದೆ. ಬೆಳಗ್ಗೆ 60ರ ಮೇಲೆ ಹೋಗಬೇಡಿ, ಹೆಡ್‌ಲೈಟ್ ಹಗಲೂ ಹಾಕಿರಿ.

ಟೆರೇಸ್ ಬೇಯಿಂದ ಒಳನಾಡಿಗೆ ಜಲ್ಲಿ ರಸ್ತೆ. ಟಯರಿನ ಒತ್ತಡ ಡಾಂಬರಿಗೆ 2.2–2.4 ಬಾರ್ ಇದ್ದರೆ ಜಲ್ಲಿಗೆ 1.8ರಿಂದ 2.0ಕ್ಕೆ ಇಳಿಸಿ. ಕಲ್ಲಿನ ಪೆಟ್ಟು ಟಯರು ತಾನೇ ತಗ್ಗಿ ತಡೆದುಕೊಳ್ಳುತ್ತದೆ, ಅಡ್ಡಗೆರೆಗಳ ನಡುಕವೂ ಕಮ್ಮಿ. ತೀರಾ ಇಳಿಸಿ ವೇಗದಲ್ಲಿ ಹೋದರೆ ಪಕ್ಕದ ಗೋಡೆ ಬಿಸಿಯಾಗಿ ಸಿಡಿಯುತ್ತದೆ. ವೇಗ 80ಕ್ಕೆ ಮಿತಿ. ಅಲ್ಲಿ ಪ್ರವಾಸಿಗರ ಗಾಡಿ ಮಗುಚುವುದು ಹೆಚ್ಚಾಗಿ ಇನ್ನೊಂದು ಗಾಡಿಗೆ ಗುದ್ದಿ ಅಲ್ಲ: ಅಂಚಿನ ಸಡಿಲ ಜಲ್ಲಿಗೆ ಒಂದು ಚಕ್ರ ಇಳಿಯುತ್ತದೆ, ಗಾಬರಿಯಲ್ಲಿ ಸ್ಟಿಯರಿಂಗ್ ಝಟ್ಟನೆ ಎಳೆಯುತ್ತಾರೆ, ಗಾಡಿ ಪಲ್ಟಿ. ಚಕ್ರ ಇಳಿದರೆ ಕಾಲು ಆಕ್ಸಿಲರೇಟರ್‌ನಿಂದ ತೆಗೆದು, ಬ್ರೇಕ್ ಮುಟ್ಟದೆ, ನೇರ ಹಿಡಿದು ವೇಗ ಇಳಿದ ಮೇಲೆ ಮೆಲ್ಲಗೆ ಮೇಲೆ ತನ್ನಿ.

ಎಲ್ಲಾದರೂ ಮರಳಲ್ಲಿ ಹೂತರೆ ಚಕ್ರ ತಿರುಗಿಸುತ್ತಾ ಕೂರಬೇಡಿ, ಆಕ್ಸಲ್ ನೆಲಕ್ಕೆ ತಾಗಿದರೆ ಕೆಲಸ ನಾಲ್ಕು ಪಟ್ಟು. ಇಳಿದು ಟಯರ್ 1.0–1.2 ಬಾರ್‌ಗೆ ಇಳಿಸಿ, ಚಕ್ರದ ಹಿಂದಿನ ಮರಳು ತೆಗೆದು, ಬಂದ ಜಾಡಿನಲ್ಲೇ ರಿವರ್ಸ್ ಬನ್ನಿ. ಆ ಜಾಡು ಆಗಲೇ ಗಟ್ಟಿಯಾಗಿರುತ್ತದೆ. ಗಟ್ಟಿ ನೆಲಕ್ಕೆ ಬಂದೊಡನೆ ಗಾಳಿ ತುಂಬಿ.

ಸ್ವಾಕೊಪ್ಮುಂಡ್‌ನಿಂದ ಟೆರೇಸ್ ಬೇ 350 ಕಿ.ಮೀ. ದಾಟುತ್ತದೆ. ಪೆಟ್ರೋಲ್ ಹೆಂಟಿಸ್ ಬೇಯಲ್ಲಿ ತುಂಬಿಸಿ, ಮುಂದೆ ಸಿಗುತ್ತದೆ ಅಂತ ನಂಬಬೇಡಿ. ಊರಿಗೆ ಸ್ವಲ್ಪ ಮೊದಲೇ ದಡದಲ್ಲಿ 2008ರಲ್ಲಿ ಸಿಕ್ಕಿಹಾಕಿಕೊಂಡ ಜೀಲಾ ಎಂಬ ಮೀನುದೋಣಿ ಇದೆ, ನೀರುಕಾಗೆಗಳು ತುಂಬಿರುತ್ತವೆ, ಹತ್ತು ನಿಮಿಷ ಸಾಕು. ಸ್ಕೆಲಿಟನ್ ಕೋಸ್ಟ್ ಉದ್ಯಾನಕ್ಕೆ ಹೋಗುವ ಉಗಾಬ್ ಗೇಟನ್ನು, ತಲೆಬುರುಡೆ ಬರೆದಿರುವುದು ಅದೇ, ಮಧ್ಯಾಹ್ನ 3ರೊಳಗೆ ದಾಟಬೇಕು. ತಡವಾದರೆ ಬಿಡುವುದಿಲ್ಲ. ಟೆರೇಸ್ ಬೇ ಬುಕಿಂಗ್ ಕಾಗದ ಕೈಯಲ್ಲಿರಲಿ, ಬರೀ ಹಾದುಹೋಗುವ ಪರವಾನಗಿಯಲ್ಲಿ ಅಲ್ಲಿಗೆ ಪ್ರವೇಶ ಇಲ್ಲ. ಲೆಕ್ಕ ಹಾಕಿದರೆ ಕೇಪ್ ಕ್ರಾಸ್‌ನಿಂದ ಹನ್ನೆರಡೂವರೆಗೆ ಹೊರಟಿರಬೇಕು.

ಸೀಲ್‌ಗೆಳೆಯ

ಹೊಸ ಮರಿಗಳು ಅಕ್ಟೋಬರಿನಲ್ಲಿ ಇಲ್ಲ. ಹುಟ್ಟುವುದು ನವೆಂಬರ್, ಡಿಸೆಂಬರ್. ನಿಮಗೆ ಸಿಗುವುದು ಅದರ ಮುಂಚಿನ ಅಂಕ, ನನ್ನ ಲೆಕ್ಕದಲ್ಲಿ ನೋಡಲು ಅದೇ ಚೆನ್ನ. ಅಕ್ಟೋಬರ್ ನಡುವಿನಿಂದ ದೊಡ್ಡ ಗಂಡುಗಳು ದಡಕ್ಕೆ ಬಂದು ಜಾಗ ಹಿಡಿಯುತ್ತವೆ. ವರ್ಷವಿಡೀ ತಿಂದು ಕೂಡಿಸಿದ ಕೊಬ್ಬಿನಲ್ಲಿ ತೂಕ ಮುನ್ನೂರು ಕಿಲೋ ದಾಟಿರುತ್ತದೆ, ಹೆಣ್ಣು 75 ಕಿಲೋ ಮೀರುವುದು ಕಮ್ಮಿ. ಜಾಗ ಬಿಟ್ಟರೆ ಹೋಯಿತು, ಅದಕ್ಕೆ ವಾರಗಟ್ಟಲೆ ನೀರಿಗಿಳಿಯದೆ, ತಿನ್ನದೆ ಕಾಯುತ್ತವೆ. ಕುತ್ತಿಗೆಯ ತುಪ್ಪಳದ ಮೇಲೆ ಹಸಿ ಗಾಯ, ಎದೆಗೆ ಎದೆ ಕೊಟ್ಟು ತಳ್ಳಾಟ, ಎಲ್ಲ ನೋಡುಗರಿಗೆ ಕಟ್ಟಿದ ನಡೆಗಟ್ಟೆಯ ಮೇಲಿಂದ ಕೆಲವೇ ಮೀಟರ್ ದೂರದಲ್ಲಿ.

ಇನ್ನೊಂದು ಕಡೆ ಕಳೆದ ವರ್ಷ ಹುಟ್ಟಿದ, ಈಗ ಹತ್ತು-ಹನ್ನೊಂದು ತಿಂಗಳಾದ ಮರಿಗಳು ತಾಯಿಯ ಹಾಲು ಬಿಡದೆ ಅಲ್ಲೇ ಇರುತ್ತವೆ, ಆದ್ದರಿಂದ ತೀರಾ ನಿರಾಶೆ ಬೇಡ. ತಾಯಿ ಕಡಲಿನಿಂದ ಬಂದು ಕೂಗುತ್ತದೆ, ಮರಿ ಉತ್ತರಿಸುತ್ತದೆ, ಹತ್ತಿರ ಬಂದಮೇಲೆ ಮೂಸಿ ಖಚಿತ ಮಾಡಿಕೊಳ್ಳುತ್ತದೆ. ಬೇರೆ ಮರಿಯಾದರೆ ಕಚ್ಚಿ ಎಸೆಯುತ್ತದೆ. ಹೆರಿಗೆಯಾದ ಒಂದು ವಾರದ ಆಸುಪಾಸಿನಲ್ಲೇ ಮತ್ತೆ ಕೂಡುತ್ತವೆ, ಆದರೆ ಭ್ರೂಣ ಮೂರು-ನಾಲ್ಕು ತಿಂಗಳು ಬೆಳೆಯದೆ ತಡೆದಿರುತ್ತದೆ. ಹಾಗಾಗಿಯೇ ಎಲ್ಲ ಹೆರಿಗೆಯೂ ವರ್ಷದ ಅದೇ ಕೆಲವು ವಾರಗಳಿಗೆ ಬಂದು ಬೀಳುತ್ತದೆ. ಆಗ ಅಂಚಿನಲ್ಲಿ ಕಪ್ಪುಬೆನ್ನಿನ ನರಿ, ಕಂದು ಕತ್ತೆಕಿರುಬ ಕಾಯುತ್ತಿರುತ್ತವೆ.

ವಾಸನೆ ನಿಜವಾಗಿಯೂ ಜೋರು. ಗಾಳಿ ಕಡಲಿನಿಂದ ಬರುವುದರಿಂದ ವಾಹನ ನಿಲ್ಲಿಸುವ ಜಾಗಕ್ಕೇ ಬಡಿಯುತ್ತದೆ, ಕಿಟಕಿ ಏರಿಸಿ ಹೋಗಿ. ಹಾಕಿಕೊಂಡ ಜಾಕೆಟ್ ಬೇರೆ ಚೀಲಕ್ಕೆ. ಸೀಲ್‌ಗಳು ಕಟ್ಟೆಯ ಅಡಿಯಲ್ಲೂ ಕಾರುಗಳ ನಡುವೆಯೂ ಮಲಗಿರುತ್ತವೆ. ಸೀಲ್‌ಗೂ ನೀರಿಗೂ ನಡುವೆ ನಿಲ್ಲಬೇಡಿ. 2024ರಲ್ಲಿ ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿ ಇದೇ ಜಾತಿಯ ಸೀಲ್‌ಗಳಲ್ಲಿ ರೇಬಿಸ್ ಖಚಿತವಾಗಿದೆ. ಕಚ್ಚಿದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ.

ಇದು ಗೊತ್ತಿರಲಿ, ನಮೀಬಿಯಾದಲ್ಲಿ ಜುಲೈ 1ರಿಂದ ನವೆಂಬರ್ 15ರವರೆಗೆ ಸರ್ಕಾರದ ಅನುಮತಿಯ ಸೀಲ್ ಬೇಟೆಯ ಕಾಲ, ಕೇಪ್ ಕ್ರಾಸ್ ಅದರಲ್ಲಿ ಸೇರಿದೆ. ಅದಕ್ಕೇ ಗೇಟು ತೆರೆಯುವ ಸಮಯ ಹಿಂದಿನ ದಿನವೇ ಕೇಳಿಕೊಳ್ಳಿ, ಮುಂಜಾನೆಯ ಬೆಳಕಿಗೆ ಅಂತ ಹೊರಟು ಹೊರಗೆ ಕಾಯುವ ಹಾಗೆ ಆಗಬಾರದು. ಪೋರ್ಚುಗೀಸರ ದಿಯೋಗೊ ಕಾವ್ 1486ರಲ್ಲಿ ನೆಟ್ಟ ಕಲ್ಲಿನ ಶಿಲುಬೆಯ ಪ್ರತಿಕೃತಿಯೂ ಅಲ್ಲೇ ಇದೆ. ಮೂಲ ಕಲ್ಲನ್ನು 1893ರಲ್ಲಿ ಜರ್ಮನಿಗೆ ಒಯ್ದರು.

ಪೆಂಗ್ವಿನ್‌ಗೆ ದೂರದ ದಕ್ಷಿಣದ ಲೂಡೆರಿಟ್ಸ್ ಊರಿಗೆ ಹೋಗಬೇಕು, ಹ್ಯಾಲಿಫ್ಯಾಕ್ಸ್ ದ್ವೀಪದ ಕಡೆ ದೋಣಿಯಲ್ಲಿ. ನಡುವೆ ಮರಳ ಸಾಗರ ಇರುವುದರಿಂದ ದಡದ ರಸ್ತೆಯೇ ಇಲ್ಲ, ಒಳನಾಡು ಸುತ್ತಿ ಇಡೀ ದಿನ. ಆರು ದಿನದ ಯೋಜನೆಗೆ ಸೇರಿಸಬೇಡಿ. ಅಲ್ಲೂ ಸಂಖ್ಯೆ ಇಳಿದಿದೆ. 1960ರ ದಶಕದ ಕೊನೆಯ ಅತಿ ಮೀನುಗಾರಿಕೆಯಲ್ಲಿ ಸಾರ್ಡೀನ್ ಕುಸಿದ ಮೇಲೆ ಅಲ್ಲಿನ ಪೆಂಗ್ವಿನ್ ಬಡಕಲು ಗೋಬಿ ಮೀನಿನ ಮೇಲೆ ಬದುಕುತ್ತಿದೆ, ಅದರಲ್ಲಿ ಕೊಬ್ಬು ಕಮ್ಮಿ. ಆಫ್ರಿಕನ್ ಪೆಂಗ್ವಿನ್ 2024ರಿಂದ ತೀವ್ರ ಅಪಾಯದ ಪಟ್ಟಿಯಲ್ಲಿದೆ.

ಬೈನಾಕ್ಯುಲರ್

ಎಲ್ಲರಿಗೂ ತುಂಬಾ ಧನ್ಯವಾದ. ಸ್ಯಾಂಡ್ವಿಚ್ ಮಾರ್ಗದರ್ಶಿಗೇ ಬಿಟ್ಟೆವು, ಲೂಡೆರಿಟ್ಸ್ ಕೈಬಿಟ್ಟೆವು. ಇನ್ನೆರಡು ಸಂದೇಹ. ವಾಲ್ವಿಸ್ ಬೇಯಲ್ಲಿ ಕೆಲವೊಮ್ಮೆ ಕಡಲು ಹಾಲು ಬೆರೆಸಿದ ಹಸಿರು ಆಗಿ ಕೊಳೆತ ಮೊಟ್ಟೆ ನಾತ ಬರುತ್ತದೆ ಅಂತ ಓದಿದೆ, ಅದು ಕಾರ್ಖಾನೆಯದಾ? ಟೆರೇಸ್ ಬೇ ದಾರಿಯಲ್ಲಿ ಉನಿಯಾಬ್ ಮುಖಜಭೂಮಿಯಲ್ಲಿ ನಡೆಯಬಹುದು ಅಂತಾರೆ, ಸಿಂಹದ ಭಯ ಇದೆಯಾ?

ಮಂಜುಬಯಲು

ಕಾರ್ಖಾನೆಯದಲ್ಲ. ಆಳದ ನೀರು ತರುವ ಪೋಷಕಾಂಶದಲ್ಲಿ ಡಯಾಟಂ ಪಾಚಿ ವಿಪರೀತ ಬೆಳೆದು ಸತ್ತು ತಳಕ್ಕೆ ಬಿದ್ದು ಹಸಿರು ಕೆಸರಾಗುತ್ತದೆ. ಅಲ್ಲಿ ಆಮ್ಲಜನಕ ಮುಗಿದ ಮೇಲೆ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಅನಿಲ ಮೇಲಕ್ಕೆ ಬಂದಾಗ ಗಂಧಕದ ಸಣ್ಣ ಕಣಗಳಾಗಿ ನೀರು ಹಾಲುಹಸಿರು ಕಾಣುತ್ತದೆ, ಉಪಗ್ರಹ ಚಿತ್ರದಲ್ಲೂ ಕಾಣುವಷ್ಟು. ಅದೇ ಕೆಸರಿನಲ್ಲಿ 1997ರಲ್ಲಿ ಸಿಕ್ಕ ಥಿಯೋಮಾರ್ಗರಿಟಾ ನಮೀಬಿಯೆನ್ಸಿಸ್ ಬರಿಗಣ್ಣಿಗೆ ಕಾಣುವ ಬ್ಯಾಕ್ಟೀರಿಯಾ, 0.75 ಮಿ.ಮೀ.ವರೆಗೆ. ಆ ದಿನ ಸತ್ತ ಮೀನಿಗೆ ಹಕ್ಕಿಗಳು ಮುಗಿಬೀಳುತ್ತವೆ. ದಡಕ್ಕೆ ಬಂದ ಮೀನು, ಚಿಪ್ಪು ನೀವು ಮುಟ್ಟಬೇಡಿ.

ಜಲ್ಲಿದಾರಿ

ಸಿಂಹ ಇದೆ. ಒಳನಾಡಿನ ಒಣನದಿಗಳ ಗುಂಟ ಕಡಲಿಗೆ ಇಳಿದು ಸೀಲ್, ನೀರುಕಾಗೆ, ಫ್ಲೆಮಿಂಗೊ ಬೇಟೆಯಾಡುವುದು ದಾಖಲಾಗಿದೆ. ಮರೆ ಕೊಡುವ ಜಾಗ ಅಂದರೆ ನದಿಬಾಯಿಯ, ಸಿಹಿನೀರಿನ ಊಟೆಗಳ ಜೊಂಡು. ಉನಿಯಾಬ್‌ನಲ್ಲಿ ಜಲಪಾತದ ಕಡೆಗೆ ಕಾಲುದಾರಿ ಇದೆ, ಆದರೆ ಉಗಾಬ್ ಗೇಟಿನಲ್ಲಿ ಹೆಸರು ಬರೆಸುವಾಗಲೇ ಇತ್ತೀಚೆಗೆ ಸಿಂಹದ ಜಾಡು ಕಂಡಿದೆಯಾ ಅಂತ ಕೇಳಿ. ಹೌದು ಅಂದರೆ ಕಾರಿನಿಂದಲೇ ನೋಡಿ ಮುಂದೆ ಹೋಗಿ. ಇಲ್ಲ ಅಂದರೂ ಜೊಂಡಿನೊಳಗೆ ನುಗ್ಗದೆ ತೆರೆದ ದಿಣ್ಣೆಯ ಮೇಲೆ ಇರಿ, ಇಬ್ಬರೂ ಜೊತೆಗೇ, ಸಂಜೆ ಐದರ ಮೇಲೆ ಇಳಿಯಬೇಡಿ.